ಇಪ್ಪತ್ತಕ್ಕೊಂದರ ಲೆಕ್ಕ

'ಹುಟ್ಟಿನಿಂದ ಬಂದದ್ದು' ಎಂಬ ಮಾತು ನಮ್ಮನ್ನು ಎರಡು ಕಡೆಯಿಂದ ಹೊಡೆದಿದೆ. ಒಮ್ಮೆ ಬೈಗುಳವಾಗಿ, ಒಮ್ಮೆ ಹೊಗಳಿಕೆಯಾಗಿ. ಬೈಗುಳಕ್ಕೆ ಉತ್ತರ ಕೊಡೋದನ್ನು ನಾವು ಹಾಡಿನಲ್ಲಿ, ಭಾಷಣದಲ್ಲಿ, ಬೀದಿಯಲ್ಲಿ ಕಲಿತಿದ್ದೇವೆ. ಹೊಗಳಿಕೆಯ ಪೆಟ್ಟು ಬೇರೆ. ಬಿದ್ದಾಗ ಸಿಹಿಯಾಗಿರುತ್ತದೆ, ಉರಿಯೋದು ಆಮೇಲೆ. ಆ ಪೆಟ್ಟು ನಮಗೆ ಒಂದು ರಟ್ಟಿನ ಜೀಪಿನ ನೆಪದಲ್ಲಿ ಬಿತ್ತು.

ನಾವು ಅಂದರೆ ಹುಕ್ಕೇರಿ ತಾಲೂಕಿನ ಹೆದ್ದಾರಿ ಬದಿಯ ಒಂದು ಕೇರಿಯ ಐದು ಮಂದಿ ಹುಡುಗರು. ಒಬ್ಬ ಗೌಂಡಿ ಕೆಲಸದವ, ಒಬ್ಬ ಪಂಚರ್ ತಿದ್ದುವವ, ಇಬ್ಬರು ಇನ್ನೂ ಹೈಸ್ಕೂಲು, ಒಬ್ಬ ಬಿ.ಎ. ಮುಗಿಸಿ ಪದ್ಯ ಬರೆಯುವವ. ಪುಣೆ-ಬೆಂಗಳೂರು ಹೆದ್ದಾರಿ ನಮ್ಮ ತಾಲೂಕಿನ ಸಂಕೇಶ್ವರ, ಯಮಕನಮರಡಿ ಹಾಯ್ದು ಬೆಳಗಾವಿಗೆ ಹೋಗುತ್ತದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. ಹೀಗಾಗಿ ಮಿಲಿಟರಿ ಗಾಡಿಗಳ ಸಾಲು ನಮಗೆ ಹೊಸದಲ್ಲ. ಹಸಿರು ಲಾರಿ, ಹಸಿರು ಜೀಪು, ಅವುಗಳ ಬೆನ್ನಿಗೆ ಕೊಂಡಿ ಹಾಕಿಕೊಂಡು ಬರುವ ಎರಡು ಗಾಲಿಯ ಟ್ರೇಲರ್. ಹತ್ತಿರ ಹೋಗುವಂತಿಲ್ಲ, ಮುಟ್ಟುವಂತಿಲ್ಲ. ದೂರ ನಿಂತು ನೋಡೋದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಮುಟ್ಟಲು ಬಿಡದ ಗಾಡಿಯನ್ನು ನಾವೇ ಮಾಡೋಣ ಅಂತ ಕುಂತೆವು. ಆಟಿಗೆ ಸಾಮಾನಿನಂತೆ ಅಲ್ಲ, ಅಳತೆಗೆ ಸರಿಯಾಗಿ. ಆರಿಸಿದ್ದು ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು, ಅದರ ಕಾಲು ಟನ್ನಿನ ಟ್ರೇಲರ್ ಸಮೇತ. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಮಹೀಂದ್ರ ಕಂಪನಿ ಇದೇ ಜೀಪನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಅದರ ಮಕ್ಕಳು ಮೊಮ್ಮಕ್ಕಳು ನಮ್ಮೂರ ರಸ್ತೆಯಲ್ಲೂ ಓಡಿವೆ.

ಇಂಥ ಮಾದರಿಗಳಿಗೆ ಜಗತ್ತಿನಲ್ಲಿ ಹೆಚ್ಚು ನಡೆಯುವ ಅಳತೆ 35ಕ್ಕೆ 1. ಅದು ಬಂದ ದಾರಿ ನೋಡಿರಿ. ಜಪಾನಿನ ಟಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿ ತಯಾರಿಸಿದಾಗ ಒಳಗೆ ಮೋಟರು, ಬ್ಯಾಟರಿ ಹಿಡಿಸಬೇಕಿತ್ತು. ಅವು ಹಿಡಿಯುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ 35ರಲ್ಲಿ ಒಂದು ಪಾಲು. ಬ್ಯಾಟರಿ ತುರುಕಲು ಮಾಡಿದ್ದು ಮುಂದೆ ಶಾಸ್ತ್ರವಾಗಿ ಕುಂತಿತು. ಜಗತ್ತಿನ ಎಷ್ಟೋ ಶಾಸ್ತ್ರಗಳ ಹುಟ್ಟು ಹೀಗೇ ಇದ್ದೀತು. ಮಾಡಿದವನ ಅನುಕೂಲ ಮೊದಲು, ನಿಯಮ ಆಮೇಲೆ.

ನಾವು ಆ ಶಾಸ್ತ್ರ ಬಿಟ್ಟೆವು. ನಮ್ಮ ಅಳತೆ 20ಕ್ಕೆ 1. ಕಾರಣ ಸರಳ. ಈ ಜೀಪಿನ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 80 ಇಂಚು. ಇಪ್ಪತ್ತರಿಂದ ಭಾಗಿಸಿದರೆ 4. ಉದ್ದ 132 ಇಂಚು ಇದ್ದದ್ದು 6.6 ಆಯಿತು, ಅಗಲ 62 ಇದ್ದದ್ದು 3.1. ಐದನೇ ಇಯತ್ತೆಯ ಹುಡುಗನೂ ಮಾಡುವ ಲೆಕ್ಕ. ಟಾಯರಿನ ಅಗಲ 6 ಇಂಚು, ಅಂದರೆ ಮಾದರಿಯಲ್ಲಿ 0.3. ಹವಾಯಿ ಚಪ್ಪಲಿಯ ಹರಿದ ಅಟ್ಟೆಯನ್ನು ರಂಪಿಗೆಯಿಂದ ದಪ್ಪದಲ್ಲಿ ಸೀಳಿದರೆ ಟಾಯರು ಸಿದ್ಧ. ಮೈಗೆ ಹಳೇ ನೋಟ್‌ಬುಕ್ಕಿನ ರಟ್ಟು, ಅಚ್ಚಿಗೆ ಸೈಕಲ್ ಕಡ್ಡಿ, ಆ ಕಡ್ಡಿ ತಿರುಗಲು ಖಾಲಿ ರಿಫಿಲ್ಲು, ಬಂಪರಿಗೆ ಎಣ್ಣೆ ಡಬ್ಬಿಯ ತಗಡು. ಸೀಟಿನ ಒಳಗೆ ಜೋಳದ ದಂಟಿನ ಬೆಂಡು. ಕೊಂಡ ಸಾಮಾನು ಫೆವಿಕಾಲ್ ಮತ್ತು ಬಣ್ಣ, ಅಷ್ಟೇ.

ಜೀಪು ಮಾಡೋದು ಸುಲಭ, ಟ್ರೇಲರ್ ಕಠಿಣ. ಯಾಕೆಂದರೆ ಟ್ರೇಲರಿಗೆ ಎರಡೇ ಗಾಲಿ. ತನ್ನಷ್ಟಕ್ಕೆ ತಾನು ನಿಲ್ಲಲಾರದು, ಮುಂದಿನ ಗಾಡಿಯ ಕೊಂಡಿಯ ಮೇಲೆ ನಿಲ್ಲಬೇಕು. ಕೊಂಡಿ ಒಂದು ಕೂದಲೆಳೆ ಕೆಳಗಾದರೆ ಮೂತಿ ನೆಲ ನೋಡುತ್ತದೆ, ಮೇಲಾದರೆ ಆಕಾಶ. ಈ ವಿದ್ಯೆ ಕಲಿಯಲು ನಾವು ಹೋದದ್ದು ಮೂಡಲಗಿ ಕಡೆಗೆ. ಕಬ್ಬಿನ ಹಂಗಾಮಿನಲ್ಲಿ ಅಲ್ಲಿಯ ರಸ್ತೆ ತುಂಬ ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡೆರಡು ಡಬ್ಬಿ. ಸರತಿಯಲ್ಲಿ ನಿಂತು ನಿದ್ದೆಗೆಟ್ಟ ಒಬ್ಬ ಡ್ರೈವರ್ ಕಾಕಾ ನಮಗೆ ಪಾಠ ಹೇಳಿದ.

"ಮುಂದ ಹೋಗೂದು ಯಾರಿಗರ ಬರ್ತೈತ್ರೋ. ಹಿಂದ ಸರಿಯೂದು ನೋಡ್ರಿ. ಡಬ್ಬಿ ಎಡಕ ಹೋಗ್ಬೇಕಂದ್ರ ಸ್ಟೇರಿಂಗ್ ಬಲಕ ತಿರುವಬೇಕು. ಎರಡು ಡಬ್ಬಿ ಇದ್ರಂತೂ ದೇವರ ಗತಿ."

ಆತನೇ ಕೊಂಡಿಯ ಕೀಲು ತೆಗೆದು ತೋರಿಸಿದ. ಬಳೆಗೂ ಕೀಲಿಗೂ ನಡುವೆ ಸಡಿಲು ಇರಬೇಕು. ಬಿಗಿದರೆ ಮೊದಲ ತಿರುವಿನಲ್ಲೇ ಮುರಿಯುತ್ತದೆ. ಜೀಪಿನ ಟ್ರೇಲರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಗಾಲಿ ಜೀಪಿನದೇ ಗಾಲಿ, ಗಾಲಿಗಳ ನಡುವಿನ ಅಗಲವೂ ಜೀಪಿನದೇ ಅಗಲ. ಜೀಪು ಬಿಟ್ಟ ಗಾಡಿಜಾಡಿನಲ್ಲೇ ಅದು ನಡೆಯಬೇಕು. ನೀರಿಗೆ ಇಳಿದರೆ ತೇಲುವಂತೆಯೂ ಅದನ್ನು ಕಟ್ಟಿದ್ದರು. ಹಿಂದೆ ಬಂದ ಮಾತ್ರಕ್ಕೆ ಅದನ್ನು ಕಡಿಮೆ ಅಳತೆಗೆ ಮಾಡಿರಲಿಲ್ಲ. ಊರ ಹಿಂದೆ ಕೇರಿ ಕಟ್ಟಿದವರಿಗೆ ಈ ಎಂಜಿನಿಯರಿಂಗ್ ತಿಳಿದಿರಲಿಲ್ಲ, ಅಥವಾ ಬೇಕಾಗಿರಲಿಲ್ಲ.

ಬಣ್ಣಕ್ಕೆ ಗೋಕಾಕಿಗೆ ಹೋದೆವು. ಗೋಕಾಕ ಅಂದರೆ ಜಲಪಾತ, ಕರದಂಟು, ಗಿರಣಿ ಅಂತ ಎಲ್ಲರೂ ಹೇಳುತ್ತಾರೆ. ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಲೆ, ದೇವರ ಬೊಂಬೆ ಮಾಡುವ ಮನೆಗಳ ಕೆಲಸವೂ ಅದರ ಹೆಸರಿನೊಂದಿಗೆ ದೇಶ ಸುತ್ತಿದೆ. ಅಂಥ ಒಂದು ಮನೆಯ ಹಿರಿಯರು ನಮ್ಮ ಜೀಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ತಳಲೇಪ ಹಾಕದೆ ಬಣ್ಣ ಬಳಿಯಬೇಡಿರಿ, ರಟ್ಟು ಕುಡಿದುಬಿಡುತ್ತದೆ ಅಂದರು. "ಅಜ್ಜಾರ, ನಿಮಗ ಇದು ರಕ್ತದಾಗ ಬಂದೈತಿ" ಅಂತ ನಮ್ಮಲ್ಲೊಬ್ಬ ಅಂದ. ಅಜ್ಜ ನಕ್ಕರು.

"ರಕ್ತದಾಗ ಬರೂದಿಲ್ಲೋ ತಮ್ಮಾ. ಕುಂತ್ರ ಬರ್ತೈತಿ."

ಆಗ ನಾವೂ ನಕ್ಕೆವು. ಅದೇ ಮಾತು ಮುಂದೆ ಬೇಕಾಯಿತು. ಒಂದು ಊರಿನ ಸಾಲೆಯಲ್ಲಿ ವಸ್ತು ಪ್ರದರ್ಶನ. ನಮ್ಮ ಇಬ್ಬರು ಹೈಸ್ಕೂಲು ಹುಡುಗರು ಜೀಪು, ಟ್ರೇಲರ್ ಇಟ್ಟರು. ಪಕ್ಕದಲ್ಲಿ ಲೆಕ್ಕದ ಹಾಳೆಯನ್ನೂ ಅಂಟಿಸಿದರು. ನೋಡಲು ಬಂದ ದೊಡ್ಡ ಮನುಷ್ಯರೊಬ್ಬರು ಬಹಳ ಮೆಚ್ಚಿದರು. ಹಾಳೆ ಓದಲಿಲ್ಲ. ಹುಡುಗರ ಓಣಿ ಯಾವುದು ಅಂತ ಕೇಳಿದರು, ಕೇಳಿ ತಲೆದೂಗಿದರು. "ಹೌದಲಾ, ಚಪ್ಪಲಿ ಹೊಲಿಯೋ ಕೈ. ಇವರಿಗೆ ಇದು ಹುಟ್ಟಿನಿಂದ ಬಂದಿರತೈತಿ" ಅಂದು ಮುಂದೆ ನಡೆದರು. ಸಮಾಧಾನಕರ ಬಹುಮಾನ ಸಿಕ್ಕಿತು. ಸಂಜೆ ಹುಡುಗರು ಮನೆಗೆ ಬಂದು ಬಹುಮಾನದ ಪೆನ್ನನ್ನು ಮೂಲೆಗೆ ಒಗೆದು ಕೇಳಿದರು: "ಅಣ್ಣಾ, 132ನ್ನ 20ರಿಂದ ಭಾಗಿಸೂದು ಯಾರ ರಕ್ತದಾಗ ಇರತೈತಿ?"

ಗೆಳೆಯರೆ, ಈ ಪ್ರಶ್ನೆಗೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಉತ್ತರವಿದೆ. 1818ರ ಜನವರಿ 1ರಂದು ಭೀಮಾ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯದ ಎದುರು ಕಂಪನಿಯ ಪಡೆಯಲ್ಲಿ ನಿಂತು ಕಾದಿದವರಲ್ಲಿ ಮಹಾರರು ಬಹಳ ಮಂದಿ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಅದೇ ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರರು. ಅಷ್ಟಾದ ಮೇಲೂ 1890ರ ದಶಕದಲ್ಲಿ ಮಹಾರರ ಭರ್ತಿ ನಿಂತಿತು. ಯಾಕೆ? ಕೆಲವು ಕುಲಗಳು ಹುಟ್ಟಿನಿಂದ ವೀರಕುಲ, ಉಳಿದವು ಅಲ್ಲ ಎಂಬ ಸಿದ್ಧಾಂತವನ್ನು ಸರಕಾರ ಮಾಡಿಕೊಂಡಿತ್ತು. ಮೊದಲ ಮಹಾಯುದ್ಧದಲ್ಲಿ ಆಳು ಬೇಕಾದಾಗ, 1917ರಲ್ಲಿ, 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ತೀರಿದ ಮೇಲೆ 1921ರಲ್ಲಿ ಅದನ್ನು ಮುರಿದರು. 1941ರ ಜುಲೈಯಲ್ಲಿ ವೈಸರಾಯ್ ರಚಿಸಿದ ರಕ್ಷಣಾ ಮಂಡಳಿಗೆ ಬಾಬಾಸಾಹೇಬರು ಸದಸ್ಯರಾದರು. ಮಹಾರರ ಪಡೆ ಬೇಕೆಂದು ಪಟ್ಟು ಹಿಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಎದ್ದು ನಿಂತದ್ದು ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಅದರ ಮೊದಲ ಲಾಂಛನದಲ್ಲಿ ಇದ್ದದ್ದು ಕೋರೆಗಾಂವದ ಸ್ತಂಭ. 1946ರಲ್ಲಿ ಅದು ಮಷಿನ್‌ಗನ್ ರೆಜಿಮೆಂಟ್ ಆಯಿತು. ಹುಟ್ಟಿನಿಂದ ಬರದ ಶೌರ್ಯ ಐದೇ ವರ್ಷಕ್ಕೆ ಯಂತ್ರದ ಬಂದೂಕು ಹಿಡಿಯಿತು.

ವೀರಕುಲ ಅನ್ನುವವರೂ, ಚಪ್ಪಲಿ ಹೊಲಿಯೋ ಕೈ ಅನ್ನುವವರೂ ಒಂದೇ ಮಾತು ಆಡುತ್ತಾರೆ. ಕಲಿತದ್ದನ್ನು ಕಲಿತದ್ದು ಅಂತ ಒಪ್ಪಲಾರರು. ಒಪ್ಪಿದರೆ ಎಲ್ಲರೂ ಕಲಿಯಬಹುದು ಅಂತಾಗುತ್ತದೆ. ಆಮೇಲೆ ಅವರ ಕುರ್ಚಿಯ ಕಾಲು ಅಲುಗುತ್ತದೆ.

ಯುದ್ಧದ ಗಾಡಿ ಯಾಕೆ, ರಂಟೆ ಕುಂಟೆ ಮಾಡಬಾರದಾಗಿತ್ತೇ ಅಂತ ಸಂಘಟನೆಯ ಗೆಳೆಯರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ನಾವು ಯುದ್ಧ ಹಾಡುವವರಲ್ಲ. ಯುದ್ಧದಲ್ಲಿ ಸಾಯುವವರು ಯಾರ ಮಕ್ಕಳು ಅಂತ ನಮಗೆ ಗೊತ್ತು. ನಮ್ಮ ಕೇರಿಯ ಹುಡುಗರು ಈಗಲೂ ನಸುಕಿನಲ್ಲಿ ಎದ್ದು ಹೆದ್ದಾರಿ ಬದಿಗೆ ಓಡುತ್ತಾರೆ. ಭರ್ತಿಯಲ್ಲಿ ಎದೆ 5 ಸೆಂಟಿಮೀಟರ್ ಉಬ್ಬಬೇಕು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ನೌಕರಿ ನಾಲ್ಕು ವರ್ಷ. ಆಮೇಲೆ ಉಳಿಯುವವರು ನೂರಕ್ಕೆ 25ರವರೆಗೆ. ಈ ಲೆಕ್ಕವನ್ನೆಲ್ಲ ಬೇರೆಯವರು ಬರೆದರು, ನಮ್ಮ ಮೈಮೇಲೆ ಟೇಪು ಹಿಡಿದರು. ನೆರಳು ಎಷ್ಟು ದೂರ ಬೀಳಬೇಕು, ಬಾವಿಯಿಂದ ಎಷ್ಟು ಹೆಜ್ಜೆ ನಿಲ್ಲಬೇಕು ಅಂತ ನಮ್ಮನ್ನು ಅಳೆದವರೇ ಎಲ್ಲ. ಅಳೆಯುವ ಪಟ್ಟಿ ನಮ್ಮ ಕೈಗೆ ಬಂದದ್ದು ಈ ರಟ್ಟಿನ ಗಾಡಿಯಲ್ಲಿ. ಅದೂ ಯಾವ ಗಾಡಿಯನ್ನು ದೂರದಿಂದ ನೋಡಿ ಅಂದರೋ ಅದೇ ಗಾಡಿಯನ್ನು ಅಳೆದೆವು.

ಹಳ್ಳಿಯ ಮಾಸ್ತರರಲ್ಲಿ ಒಂದು ಮಾತು. ಭಾಗಾಕಾರ, ಪ್ರಮಾಣ ಕಲಿಸುವಾಗ ಮಕ್ಕಳ ಕೈಗೆ ರಟ್ಟು, ಕತ್ತರಿ, ಪಟ್ಟಿ ಕೊಡಿರಿ. ಜೀಪೇ ಆಗಬೇಕೆಂದಿಲ್ಲ, ಕಬ್ಬಿನ ಡಬ್ಬಿ ಆದೀತು, ಸಾಲೆಯ ಕೋಣೆಯೇ ಆದೀತು. ಮಗು ಚೆನ್ನಾಗಿ ಮಾಡಿದರೆ ಯಾವ ಓಣಿ ಅಂತ ಕೇಳಬೇಡಿರಿ. ಲೆಕ್ಕದ ಹಾಳೆ ತೋರಿಸು ಅನ್ನಿರಿ.

ಈಗ ನಾವು ಸೈನ್ಯದ ನೀರಿನ ಟ್ರೇಲರ್ ಮಾಡುತ್ತಿದ್ದೇವೆ. ಟಾಕಿಗೆ ತಗಡು ಬಗ್ಗಿಸಿ ಆಗಿದೆ. ನಳಗಳನ್ನು ರಿಫಿಲ್ಲಿನ ತುದಿಯಿಂದ ಮಾಡಬೇಕು. ಯಾವ ನಳ ಯಾರಿಗೆ ಅಂತ ನಾವು ಬರೆಯುವುದಿಲ್ಲ.