ಬೆಳ್ಳಿ ದನಿಯ ಕಬ್ಬಿಣ

ತೊಂಡಾಮುತ್ತೂರಿನ ತೋಟದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಿಂತರೆ ಎಂಥವನಿಗೂ ಚರಿತ್ರೆಯ ಜ್ವರ ಬರುತ್ತದೆ. ವೆಳ್ಳಿಯಂಗಿರಿ ಬೆಟ್ಟದಿಂದ ಇಳಿದ ನೊಯ್ಯಲ್ ಹೊಳೆ ಪೇರೂರು ದಾಟಿ ಮುಂದೆ ಹೋದರೆ ವೆಳ್ಳಲೂರು. ಅಲ್ಲಿ 1842ರಲ್ಲಿ ರೋಮನ್ನರ ಬೆಳ್ಳಿ ನಾಣ್ಯದ ಗಂಟೇ ಸಿಕ್ಕಿತ್ತು. ನಮಗೆ ಮಾತ್ರ ರೋಮಿನ ಚಕ್ರವರ್ತಿಗಳು ಬೇಕಿರಲಿಲ್ಲ. ಈರುಳ್ಳಿ ಕೀಳುವಾಗ ಚಿಕ್ಕಮ್ಮನ ಬೆರಳಿನಿಂದ ಜಾರಿದ ಕಾಲುಂಗುರ ಸಿಕ್ಕಿದ್ದರೆ ಸಾಕಿತ್ತು.

ಯಂತ್ರ ಚಿಕ್ಕಪ್ಪನ ಕೈಯಲ್ಲಿತ್ತು. ಅವರು ಬೀಸುತ್ತಿದ್ದುದು ತೊಟ್ಟಿಲು ತೂಗಿದ ಹಾಗೆ. ನಡುವೆ ನೆಲಕ್ಕೆ ಹತ್ತಿರ, ಎರಡೂ ಕೊನೆಯಲ್ಲಿ ಅರ್ಧ ಅಡಿ ಮೇಲೆ. ಕಾಯಿಲ್ ಹೀಗೆ ಏರಿಳಿದರೆ, ಕಬ್ಬಿಣದಂಶ ತುಂಬಿದ ಕೆಮ್ಮಣ್ಣು ಹತ್ತಿರ ಬಂದು ದೂರ ಹೋದದ್ದೇ ಯಂತ್ರಕ್ಕೆ ಲೋಹವಾಗಿ ಕೇಳಿಸುತ್ತದೆ. “ಎತ್ತಬೇಡಿ ಚಿಕ್ಕಪ್ಪ, ನೆಲಕ್ಕೆ ಸಮ ಇಡಿ. ಹೋದ ಜಾಗದ ಅರ್ಧದ ಮೇಲೇ ಮತ್ತೆ ಬನ್ನಿ, ಮೆಲ್ಲಗೆ.” ಜೀವಮಾನವಿಡೀ ಬೇಸಾಯ ಮಾಡಿದವರಿಗೆ ನೆಲದ ಪಾಠ! ಅವರು ನಕ್ಕರು, ಆದರೆ ಬಗ್ಗಿದರು.

ಆಮೇಲೆ, ಬೀಸದೆ ಸುಮ್ಮನೆ ಹಿಡಿದಾಗಲೂ ಅದು ಕ್ಷಣಕ್ಕೊಮ್ಮೆ ಕೂಗಿತು. ಅಲುಗಾಡದ ಯಂತ್ರ ಕೂಗಿದರೆ ತಪ್ಪು ಮಣ್ಣಿನದಲ್ಲ, ಗಾಳಿಯಲ್ಲಿ ಬರುವ ಕರೆಂಟಿನದು. ಬೋಳುವಾಂಪಟ್ಟಿ ಕಾಡಿನ ಆನೆಗಳಿಗೆಂದು ಕಟ್ಟಿದ ಸೋಲಾರ್ ಬೇಲಿ ಹೆಚ್ಚುಕಡಿಮೆ ಸೆಕೆಂಡಿಗೊಂದು ಏಟು ಕಳಿಸುತ್ತಿತ್ತು. ಯಂತ್ರ ಅದಕ್ಕೆ ತಾಳ ಹಾಕುತ್ತಿತ್ತು. ಸೆನ್ಸಿಟಿವಿಟಿ ಇಳಿಸಿದೆವು, ಬೇಲಿ ಆಫ್ ಮಾಡಿದೆವು. ಹಗಲಲ್ಲಿ ಆನೆ ಬರುವುದಿಲ್ಲವೆಂದು ಚಿಕ್ಕಪ್ಪನ ನಂಬಿಕೆ. ಅದು ಆನೆಗೂ ತಿಳಿದಿರಲೆಂದು ನಾನು ಹರಕೆ ಹೊತ್ತೆ.

ಅಷ್ಟರಲ್ಲಿ ಒಂದು ಕಡೆ ಸ್ಪಷ್ಟವಾಗಿ, ಇಂಪಾಗಿ ದನಿ ಬಂತು. ಕಾಪಿ ತಂದ ಚಿಕ್ಕಮ್ಮನ ಇನ್ನೊಂದು ಕಾಲಿನ ಉಂಗುರ! ಬೈದು ದೂರ ಕಳಿಸುವ ಬದಲು ಅದನ್ನೇ ಬಿಚ್ಚಿಸಿ, ಮಣ್ಣಿನ ಮೇಲಿಟ್ಟು, ಬೆಳ್ಳಿಯ ದನಿ ಯಾವುದೆಂದು ಕಿವಿಗೆ ಪರಿಚಯ ಮಾಡಿಸಿದೆವು. ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಬದುವಿನ ಹತ್ತಿರ ಅದೇ ದನಿ ಮತ್ತೆ ಬಂತು. ನಾನು ಪಕ್ಕಕ್ಕೆ ತಿರುಗಿ ಅಡ್ಡಡ್ಡ ಬೀಸಲು ಹೇಳಿದೆ. ಬೆಳ್ಳಿಯಾದರೆ ದನಿ ಬಹಳ ಬದಲಾಗದು. ಇದು ಒಡೆದು ಗೊರ್ ಎಂದಿತು. “ಕಬ್ಬಿಣ, ಬಿಡಿ” ಎಂದೆ. ಚಿಕ್ಕಪ್ಪ ಕೇಳಲಿಲ್ಲ, ಅಗೆದರು. ಎತ್ತಿನ ಲಾಳ. ತೆಳ್ಳಗೆ ಚಪ್ಪಟೆಯಾಗಿ ಮೊಳೆತೂತುಗಳಿರುವ ಕಬ್ಬಿಣ ಬೆಳ್ಳಿಯ ದನಿಯಲ್ಲಿ ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗೆ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಗುಜರಿಯ ದರದಲ್ಲಿ ಕಲೆಕ್ಟರಿಗೆ ತೊಂದರೆ ಕೊಡುವಂಥದ್ದೇನೂ ಇರಲಿಲ್ಲ.

ಚಿಕ್ಕಪ್ಪ ಪಂಚೆಯಂಚಿನಲ್ಲಿ ಮಣ್ಣು ಒರೆಸಿದರು. “ಬಲಗಡೇದು. ಅದು ಕಾಲೆಳೀತಿತ್ತು, ಈ ಮೂಲೆ ಸವೆದದೆ ನೋಡು.” ಟ್ರ್ಯಾಕ್ಟರ್ ಬಂದ ವರ್ಷ ಮಾರಿದ ಜೋಡಿ ಅದು, ಸಂತೆಗೆ ಅವರು ಹೋಗಿರಲಿಲ್ಲ, ತಮ್ಮನನ್ನು ಕಳಿಸಿದ್ದರು.

“ನನ್ನ ಉಂಗುರ?” ಎಂದರು ಚಿಕ್ಕಮ್ಮ.

“ಅದು ಅಂಗಡೀಲಿ ಸಿಗುತ್ತೆ ಕಣೇ,” ಎನ್ನುತ್ತ ಅವರು ಯಂತ್ರ ಎತ್ತಿಕೊಂಡರು. “ಗೊರಸು ಸೀಳಿರೋದ್ರಿಂದ ಕಾಲಿಗೆ ಎರಡು, ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಇನ್ನೂ ಹದಿನೈದು ಬಾಕಿ.”

ಈ ಸಲ ಕಾಯಿಲ್ ನೆಲದಿಂದ ಒಂದಿಷ್ಟೂ ಮೇಲೇಳಲಿಲ್ಲ.