ಎಳೆ ಎಣಿಸುವ ಹೊತ್ತು

ಕಸೂತಿಗೆ ಪೆನ್ಸಿಲಿನ ಆಸರೆ ಇಲ್ಲ. ಮೊದಲು ಚಿತ್ರ ಗೀಚಿಕೊಂಡು ಆಮೇಲೆ ಸೂಜಿ ಓಡಿಸುವ ಕೆಲಸ ಇದಲ್ಲ. ಹಾಸಿನ ಎಳೆ ಇಷ್ಟು, ಹೊಕ್ಕಿನ ಎಳೆ ಇಷ್ಟು ಎಂದು ಎಣಿಸುತ್ತಲೇ ಗೋಪುರ, ತೇರು, ಅಂಬಾರಿ ಆನೆ, ತುಳಸಿ ಬೃಂದಾವನ ಎಲ್ಲವನ್ನೂ ಎಬ್ಬಿಸಬೇಕು. ಗಂಟು ಹಾಕುವಂತಿಲ್ಲ, ದಾರದ ತುದಿ ಹೊಲಿಗೆಯ ಅಡಿಯಲ್ಲೇ ಅಡಗಬೇಕು. ಇಷ್ಟು ಕೇಳಿಯೇ ಅರ್ಧ ಜನ ಎದ್ದು ಹೋಗುತ್ತಾರೆ.

ಧಾರವಾಡದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರು ಇಳಕಲ್ ಸೀರೆ ಹರಡಿಕೊಂಡು ಕೂರುವುದನ್ನು ನೋಡುತ್ತ ಬೆಳೆದ ನಾನು ಸೂಜಿ ಹಿಡಿದದ್ದು ನಿವೃತ್ತಿಯ ನಂತರ. "ಏನ್ರೀ ರಾಯರ, ಹೆಣ್ಮಕ್ಕಳ ಕೆಲಸಕ್ಕ ಕೈ ಹಚ್ಚೀರಿ?" ಎಂದು ಬಂದವರೆಲ್ಲ ಕೇಳುತ್ತಾರೆ. ಸೋಲಿನ ಅಂಜಿಕೆ ಎನ್ನುವುದು ಮುಕ್ಕಾಲು ಪಾಲು ಪಡಸಾಲೆಗೆ ಬಂದುಹೋಗುವವರ ಅಂಜಿಕೆಯೇ. ಉಳಿದ ಕಾಲು ಪಾಲು ಮಾತ್ರ ಬಟ್ಟೆಗೂ ನಮಗೂ ಸೇರಿದ್ದು.

ಆ ಕಾಲು ಪಾಲನ್ನು ಚೆನ್ನಾಗಿ ತೋರಿಸುವುದು ಕಸೂತಿಯ ಗವಂತಿ ಹೊಲಿಗೆ. ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಮುಗಿದಾಗ ಮೇಲ್ಮೈ, ಒಳಮೈ ಎರಡೂ ಒಂದೇ. ಆದರೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬೀಳುವುದು ಬರೀ ತುಂಡು ಗೆರೆಗಳು. ಅವು ಗೋಪುರವಾಗುತ್ತವೋ ಗೊಂದಲವಾಗುತ್ತವೋ ಹೇಳಲು ಬರುವುದಿಲ್ಲ. ಎಲ್ಲೋ ಒಂದು ಎಳೆ ತಪ್ಪಿದ್ದರೆ ಅದು ಬಯಲಾಗುವುದು ಮರಳಿ ಬರುವಾಗ, ಗೆರೆಗೆ ಗೆರೆ ಕೂಡದೆ ಕಳಸ ವಾಲಿ ನಿಂತಾಗ.

"ತಪ್ಪಿದ್ರ ಬಿಚ್ಚು. ಬಟ್ಟಿ ಏನ್ ಅಳ್ತದೇನು?" ಎನ್ನುತ್ತಿದ್ದರು ನಮ್ಮ ಕಾಕು.

ಬಿಚ್ಚುವುದಕ್ಕೂ ಒಂದು ರೀತಿಯಿದೆ. ಕತ್ತರಿ ದೂರವಿಡಬೇಕು. ಸೂಜಿಯ ಕಣ್ಣಿನ ಕಡೆಯಿಂದ ದಾರವನ್ನು ಮೆಲ್ಲಗೆ ಮೀಟಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಆಮೇಲೆ ಉಗುರಿನಿಂದ ತೀಡಿದರೆ ತೂತುಗಳು ಮುಚ್ಚಿಕೊಂಡು ನೇಯ್ಗೆ ಮೊದಲಿನಂತಾಗುತ್ತದೆ. ನನಗಂತೂ ಈಗ ಹೊಲಿಯುವಷ್ಟೇ ಬಿಚ್ಚುವುದೂ ಇಷ್ಟ. ಎಣಿಸುವ ತಲೆಗೆ ಅಂಜಲು ಪುರುಸೊತ್ತಿರುವುದಿಲ್ಲ ಎಂಬುದು ನನಗೆ ಹೊಳೆದದ್ದೂ ಹಾಗೆ ಬಿಚ್ಚುತ್ತ ಕೂತಾಗಲೇ. ಅಂಜಿಕೆ ಹೋಯಿತು ಎನ್ನಲಾರೆ. ಕೂರಲು ಜಾಗ ಸಿಗದೆ ಅತ್ತ ನಿಂತಿರುತ್ತದೆ, ಅಷ್ಟೆ.

ಕಸೂತಿಯ ಉಳಿದ ಹೊಲಿಗೆಗಳಲ್ಲಿ ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಅಡ್ಡಡ್ಡ ಹೊಲಿಗೆಯಿಂದ ಜಾಗ ತುಂಬುತ್ತದೆ; ಅದರ ಒಳಮೈಯನ್ನು ಮಾತ್ರ ಬೀಗರಿಗೆ ತೋರಿಸಬೇಡಿ.

ಗವಂತಿಯಂತೆ ಹೋಗಿ ಬರುವ ಹೊಲಿಗೆ ಯೂರೋಪಿನಲ್ಲೂ ಇದೆ. ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹಾನ್ಸ್ ಹೋಲ್ಬೈನ್ 16ನೆಯ ಶತಮಾನದ ಚಿತ್ರಕಾರ; ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ತೋಳಿನ ಅಂಚಿನ ಕಪ್ಪು ಕಸೂತಿಯನ್ನು ಎಳೆ ಎಳೆಯಾಗಿ ಬರೆದವನು. ಹೊಲಿದವಳ ಹೆಸರು ಯಾರಿಗೂ ಬೇಕಾಗಲಿಲ್ಲ, ಬಣ್ಣ ಬಳಿದವನ ಹೆಸರು ಹೊಲಿಗೆಗೆ ಅಂಟಿತು. ನಮ್ಮ ಮದುವಣಗಿತ್ತಿಯರ ಕಪ್ಪು ಚಂದ್ರಕಾಳಿ ಸೀರೆಗಳ ಮೇಲೆ ತೇರು ಎಳೆದವರ ಹೆಸರೂ ಎಲ್ಲೂ ಇಲ್ಲ. ಅವರೇನು ಹೆಸರಿಗಾಗಿ ಕೂತವರಲ್ಲ. ದಿನಕ್ಕೆ ಬೆರಳಗಲ ಮುಂದೆ ಹೋದರೆ ಅವರಿಗೆ ಸಾಕಿತ್ತು. ನನಗೂ ಅಷ್ಟು ಸಾಕು.

ಕಲಿಯುವ ಮನಸ್ಸಾದರೆ ರೇಷ್ಮೆ ಸೀರೆಗೆ ಕೈ ಹಾಕಬೇಡಿ. ಎಳೆ ಎದ್ದು ಕಾಣುವ ದಪ್ಪ ನೇಯ್ಗೆಯ ತುಂಡು, ತುದಿ ಮೊಂಡಾದ ಸೂಜಿ, ಬಟ್ಟೆಗೆ ಎದುರು ಬಣ್ಣದ ದಾರ ಇಷ್ಟಿದ್ದರೆ ಸಾಕು. ಹಗಲು ಬೆಳಕಿನಲ್ಲಿ ಕೂತು ಮೊದಲು ಒಂದು ನೆಟ್ಟಗಿನ ಗೆರೆಯನ್ನು ಹೋಗಿ ಬಂದು ಮುಗಿಸಿ. ತೇರು ಆಮೇಲೆ ಎಳೆದರಾಯಿತು.