ಎರಡು ನದಿಗಳ ನಡುವಣ ರಣಭೂಮಿ

ಯುರೋಪು ಖಂಡದಲ್ಲಿ ಹಳೆಯ ರಣರಂಗಗಳನ್ನು ನೋಡಲೆಂದೇ ಏರ್ಪಡುವ ಪ್ರವಾಸಗಳುಂಟು. ಬೆಳಗಿನ ಉಪಾಹಾರ ಮುಗಿಸಿ ಮೂವತ್ತು ನಲವತ್ತು ಮಂದಿ ಒಂದೇ ಬಸ್ಸಿನಲ್ಲಿ ಹೊರಡುತ್ತಾರೆ. ಮಾರ್ಗದರ್ಶಿಯು ನಕ್ಷೆಯನ್ನು ಬಿಡಿಸಿ, ಇಲ್ಲಿ ಕಂದಕವಿದ್ದಿತು, ಆ ದಿಬ್ಬದ ಮೇಲೆ ಫಿರಂಗಿಗಳಿದ್ದವು ಎಂದು ತೋರಿಸುತ್ತಾನೆ. ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದಲ್ಲಿ ಮೆನಿನ್ ದ್ವಾರವೆಂಬ ಮಹಾಸ್ಮಾರಕವಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದು, ಗೋರಿಯೂ ಗೊತ್ತಾಗದೆ ಹೋದ 54,000ಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಅದರ ಗೋಡೆಗಳ ಮೇಲೆ ಕೆತ್ತಿದ್ದಾರೆ. ಸಂಜೆ ಎಂಟು ಗಂಟೆಗೆ ಅಲ್ಲಿ ಕಹಳೆ ಊದುವ ಪದ್ಧತಿ 1928ರಿಂದ ನಡೆದುಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಿದ್ದ ಕಾಲದಲ್ಲಿ ಮಾತ್ರ ಅದು ನಿಂತಿತ್ತು. ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿ ಭಾರತದ 4,700ಕ್ಕೂ ಹೆಚ್ಚು ಸಿಪಾಯಿಗಳ ಹೆಸರುಗಳಿವೆ. ವರ್ದನ್ ರಣಭೂಮಿಯ ಅಸ್ಥಿಮಂದಿರದಲ್ಲಿ ಗುರುತು ಸಿಕ್ಕದ ಸುಮಾರು 1,30,000 ಮಂದಿಯ ಮೂಳೆಗಳನ್ನು ಕೂಡಿಟ್ಟಿದ್ದಾರೆ. ಅವುಗಳಲ್ಲಿ ಫ್ರೆಂಚರದು ಯಾವುದು, ಜರ್ಮನರದು ಯಾವುದು ಎಂದು ಬೇರ್ಪಡಿಸುವ ಬಗೆಯಿಲ್ಲ.

ಇಂಥದೊಂದು ಯಾತ್ರೆಯನ್ನು ಕನ್ನಡನಾಡಿನಲ್ಲಿ ಏರ್ಪಡಿಸಬೇಕೆಂದರೆ ಹೋಗತಕ್ಕ ಸೀಮೆ ಒಂದೇ: ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲ. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡೆಂದು ಕರೆದಿವೆ. ಎರಡು ಹೊಳೆಗಳ ಎಡೆಯಲ್ಲಿರುವುದರಿಂದ ಆ ಹೆಸರು. ಪಾರಸಿ ಬಲ್ಲವರು ಅದನ್ನೇ ದೋಆಬ್ ಎಂದರು. ಚೋಳರು ಚಾಲುಕ್ಯರೊಡನೆ, ವಿಜಯನಗರದವರು ಬಹಮನಿಗಳೊಡನೆ, ಆಮೇಲೆ ಬಿಜಾಪುರದೊಡನೆ ಇದಕ್ಕಾಗಿ ಹೋರಾಡಿದರು. ವಿಜಯನಗರದ ಕಾಲದಲ್ಲಂತೂ ಎರಡು ಶತಮಾನಗಳವರೆಗೆ ಈ ನೆಲ ಒಮ್ಮೆ ದಕ್ಷಿಣಕ್ಕೆ, ಒಮ್ಮೆ ಉತ್ತರಕ್ಕೆ ಕೈಬದಲಾಯಿಸುತ್ತಲೇ ಇದ್ದಿತು. ಇಲ್ಲಿ ಮಡಿದವರ ಹೆಸರು ಕೆತ್ತಿದ ಮಹಾದ್ವಾರ ಮಾತ್ರ ಯಾವುದೂ ಇಲ್ಲ.

ರೈಲಿನಲ್ಲಿ ಬರುವವರು ರಾಯಚೂರಿನಲ್ಲಿಳಿದು ಅಲ್ಲಿಂದಲೇ ಆರಂಭಿಸುವುದು ಅನುಕೂಲ. ಅಲ್ಲಿನ ಕೋಟೆಯ ಒಳಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲುಂಟು. ಕಾಕತೀಯರ ಅಧಿಕಾರಿ ಗೋರೆ ಗನ್ನಯ ರೆಡ್ಡಿಯ ಕಾಲದ, 1294ರ ಶಾಸನ ಅದರ ಮೇಲಿದೆ. ಆ ಮಹಾಶಿಲೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ರಾಜರ ಬಿರುದಾವಳಿಗಳ ನಡುವೆ ಭಾರ ಎಳೆದವರ ಚಿತ್ರ ಕಾಣಸಿಗುವುದು ಅಪೂರ್ವ. ಅವಸರದಲ್ಲಿ ಬಂದವರು ಇದನ್ನು ನೋಡದೆಯೇ ಹೋಗಿಬಿಡುತ್ತಾರೆ.

1520ರಲ್ಲಿ ಕೃಷ್ಣದೇವರಾಯನು ಈ ಕೋಟೆಗೆ ಮುತ್ತಿಗೆ ಹಾಕಿದನು. ಕೆಲವು ವರ್ಷಗಳ ತರುವಾಯ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜನು ಈ ಯುದ್ಧದ ವಿವರವನ್ನು ದೀರ್ಘವಾಗಿ ಬರೆದಿಟ್ಟಿದ್ದಾನೆ. ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳಿದ್ದರೆಂಬ ಅವನ ಲೆಕ್ಕವನ್ನು ನಂಬಬೇಕಾಗಿಲ್ಲ. ಆದರೆ ಸಣ್ಣ ಸಂಗತಿಗಳಲ್ಲಿ ಅವನ ಮಾತು ಮನಸ್ಸಿಗೆ ನಾಟುತ್ತದೆ. ಗೋಡೆಯ ಬುಡಕ್ಕೆ ಹೋಗಿ ಹಾರೆ ಗುದ್ದಲಿಗಳಿಂದ ಕಲ್ಲು ಕಿತ್ತು ತಂದ ಆಳಿಗೆ, ಕಲ್ಲಿನ ಗಾತ್ರ ನೋಡಿ ಇಷ್ಟಿಷ್ಟು ಪಣವೆಂದು ದಳಪತಿಗಳು ಕೊಡುತ್ತಿದ್ದರಂತೆ. ಮೇಲಿನಿಂದ ಬಾಣವೂ ಬಂಡೆಯೂ ಸುರಿಯುತ್ತಿದ್ದರೂ, ಆ ಹಣದ ಆಸೆಗೆ ಜನ ಮತ್ತೆ ಮತ್ತೆ ಗೋಡೆಯ ಬಳಿ ಹೋಗುತ್ತಿದ್ದರು.

ಮುತ್ತಿಗೆಯನ್ನು ಬಿಡಿಸಲು ಇಸ್ಮಾಯಿಲ್ ಆದಿಲ್ ಶಾಹನು ಕೃಷ್ಣೆಯನ್ನು ದಾಟಿ ಬಂದನು. ಅವನ ಫಿರಂಗಿಗಳ ಮೊದಲ ಸಿಡಿತಕ್ಕೆ ರಾಯನ ಮುಂಚೂಣಿ ಒಡೆಯಿತು. ರಾಯನು ತಾನೇ ಎರಡನೆಯ ಸಾಲಿನೊಡನೆ ನುಗ್ಗಿ ಕಾಳಗವನ್ನು ತಿರುಗಿಸಿದನು. ಓಡಿದ ಬಿಜಾಪುರದ ಸೈನಿಕರನ್ನು ಹೊಳೆಯವರೆಗೂ ಅಟ್ಟಿದರು. ಕತ್ತಿಗೆ ಸಿಕ್ಕದವರು ನೀರಿಗೆ ಸಿಕ್ಕರು. ಆಗ ರಾಯನೇ ಕೊಲೆಯನ್ನು ನಿಲ್ಲಿಸಲು ಅಪ್ಪಣೆಯಿತ್ತನೆಂದೂ, ತಪ್ಪು ಮಾಡದವರು ಬಹು ಮಂದಿ ಸತ್ತರೆಂಬುದು ಅವನು ಕೊಟ್ಟ ಕಾರಣವೆಂದೂ ನೂನಿಜನು ಹೇಳುತ್ತಾನೆ. ರಾಯನ ಪಕ್ಷದಲ್ಲಿಯೇ 16,000ಕ್ಕೂ ಮಿಕ್ಕಿ ಜನ ಸತ್ತರೆಂಬುದು ಅವನ ಲೆಕ್ಕ. ಗೆದ್ದ ಅರಸನ ಹೆಸರು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಕಲ್ಲಿಗೆ ಹತ್ತು ಪಣ ಪಡೆಯಲು ಹೋದವರಲ್ಲಿ ಒಬ್ಬನ ಹೆಸರೂ ಆ ಬರಹದಲ್ಲಿಲ್ಲ.

ಕನ್ನಡಿಗರಿಗೆ ಹೆಸರು ಕೆತ್ತುವ ಪದ್ಧತಿ ತಿಳಿಯದೆ ಇರಲಿಲ್ಲ ಎಂಬುದೇ ಇಲ್ಲಿ ಯೋಚಿಸತಕ್ಕ ಸಂಗತಿ. ಈಪ್ರ್ ದ್ವಾರಕ್ಕೆ ಸಾವಿರ ವರ್ಷ ಮೊದಲೇ ಇಲ್ಲಿನ ಹಳ್ಳಿಗಳು ವೀರಗಲ್ಲುಗಳನ್ನು ನಿಲ್ಲಿಸುತ್ತಿದ್ದವು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಜೊತೆಗೆ, ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಹೋರಾಡಿ ಮಡಿದ ಸಾಮಾನ್ಯನ ಹೆಸರು. ಹತ್ತು ದನಗಳನ್ನು ಬಿಡಿಸಿ ತಂದು ಸತ್ತವನಿಗೆ ಕಲ್ಲು ದೊರೆಯಿತು. ದಂಡು ಲಕ್ಷಗಟ್ಟಲೆಯಾದಾಗ, ಸತ್ತವನು ಯಾವ ಊರಿನವನೆಂದು ಹೇಳುವವರೇ ಬಳಿಯಲ್ಲಿ ಇರಲಿಲ್ಲ.

ರಾಯಚೂರಿನಿಂದ ಮಾನ್ವಿಯ ಮೇಲೆ ಪಶ್ಚಿಮಕ್ಕೆ ಬಂದರೆ ಸಿಂಧನೂರು. ಕೋಟೆ ಕೊತ್ತಲಗಳನ್ನು ನೆನೆಯುತ್ತ ಬಂದವರಿಗೆ ಇಲ್ಲಿ ಕಣ್ಣಿಗೆ ಬೀಳುವುದು ಭತ್ತದ ಗದ್ದೆ, ಅಕ್ಕಿ ಗಿರಣಿ, ಟ್ರ್ಯಾಕ್ಟರು. ತುಂಗಭದ್ರೆಗೆ ಅಣೆಕಟ್ಟಾಗಿ ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಎರೆಭೂಮಿಯ ಚಹರೆಯೇ ಬೇರೆಯಾಯಿತು. ಆಂಧ್ರದ ಕಡೆಯಿಂದ ಬಂದ ರೈತರು ಗದ್ದೆಗಳ ನಡುವೆ ನೆಲೆಸಿದ ಊರುಗಳನ್ನು ಇಲ್ಲಿನವರು ‘ಕ್ಯಾಂಪು’ ಎನ್ನುತ್ತಾರೆ. ದಂಡು ಬೀಡುಬಿಟ್ಟ ಸೀಮೆಯಲ್ಲಿ ದಂಡಿನ ಮಾತೇ ಬೇಸಾಯದ ಊರಿಗೆ ಅಂಟಿಕೊಂಡದ್ದು ಒಂದು ಸೋಜಿಗ. ಇದೇ ತಾಲ್ಲೂಕಿನ ಇನ್ನು ಕೆಲವು ಕ್ಯಾಂಪುಗಳ ಹಿನ್ನೆಲೆ ಬೇರೆ. ಅವು ಪೂರ್ವ ಬಂಗಾಳದಿಂದ ಮನೆ ಮಠ ಬಿಟ್ಟು ಬಂದ ನಿರಾಶ್ರಿತರಿಗಾಗಿ ಸರಕಾರವು ಕಟ್ಟಿದ ಪುನರ್ವಸತಿ ಶಿಬಿರಗಳು. ಅಂಕೆಯೇ ಅವುಗಳ ಹೆಸರು. ಅಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತ ಬೆಳೆದರು. ರಣರಂಗದ ಯಾತ್ರೆಯಲ್ಲಿ ಇವುಗಳಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ, ಗಡಿಗಳು ಕದಲಿದಾಗ ಜನ ಎಷ್ಟು ದೂರ ಹೋಗಿ ಬೀಳುತ್ತಾರೆಂಬುದನ್ನು ಕೋಟೆಯ ಗೋಡೆಗಿಂತ ಈ ಮನೆಗಳು ಚೆನ್ನಾಗಿ ತೋರಿಸುತ್ತವೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ನಡುದಾರಿಗೆ ಮಸ್ಕಿ ಸಿಗುತ್ತದೆ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬವರು ಇಲ್ಲಿನ ಗುಡ್ಡದ ಬಂಡೆಯೊಂದರಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿತ್ತೇ ಹೊರತು ರಾಜನ ಹೆಸರಿರಲಿಲ್ಲ, ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಇಲ್ಲಿ ಓದಬಹುದೆಂದು ಬಂದವರಿಗೆ ಅದು ಸಿಗುವುದಿಲ್ಲ. ಆ ಮಾತು ಇರುವುದು ಹದಿಮೂರನೆಯ ಶಿಲಾಶಾಸನದಲ್ಲಿ. ಅದನ್ನು ಕಳಿಂಗದೊಳಗಿನ ಧೌಲಿ, ಜೌಗಡಗಳಲ್ಲಿಯೂ ಕೆತ್ತಿಸಲಿಲ್ಲ. ಸೋತವರ ಮುಂದೆ ಆ ಲೆಕ್ಕವನ್ನು ಒಪ್ಪಿಸುವುದು ಅರಸನಿಗೆ ಕಷ್ಟವಾಗಿದ್ದಿರಬೇಕು. ಮಸ್ಕಿಯ ಶಾಸನ ಹೇಳುವುದು ಬೇರೆ ವಿಷಯ: ಧರ್ಮದ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಉಂಟು ಎಂದು.

ಅದೇ ಮಸ್ಕಿ ಹನ್ನೊಂದನೆಯ ಶತಮಾನದಲ್ಲಿ ರಣರಂಗವೂ ಆಯಿತು. ಚೋಳ ರಾಜೇಂದ್ರನು ಚಾಲುಕ್ಯ ಜಯಸಿಂಹನನ್ನು ಮುಯಂಗಿ ಎಂಬಲ್ಲಿ ಸೋಲಿಸಿದನೆಂದು ತಮಿಳು ಶಾಸನಗಳು ಕೊಂಡಾಡುತ್ತವೆ. ಆ ಮುಯಂಗಿಯೇ ಮೊಸಂಗಿ, ಅಂದರೆ ಮಸ್ಕಿ, ಎಂದು ಅನೇಕ ವಿದ್ವಾಂಸರ ಮತ. ಜಯಸಿಂಹನ ಕಡೆಯ ಶಾಸನಗಳಾದರೋ ಚೋಳರನ್ನು ಹೊಡೆದಟ್ಟಿದವನು ಅವನೇ ಎನ್ನುತ್ತವೆ. ಇಬ್ಬರೂ ಗೆದ್ದ ಯುದ್ಧಗಳು ಕನ್ನಡನಾಡಿನ ಇತಿಹಾಸದಲ್ಲಿ ಕಡಮೆಯೇನಿಲ್ಲ.

ಲಿಂಗಸುಗೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದುದಿಲ್ಲ. ಹೈದರಾಬಾದು ಕಂಟಿಂಜೆಂಟಿನ ಛಾವಣಿ ಇಲ್ಲಿದ್ದಿತು. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಇಲ್ಲಿಂದ ಪಡೆ ನಡೆಯಿತು. 1905ರವರೆಗೆ ಇದು ಜಿಲ್ಲೆಯ ಮುಖ್ಯ ಸ್ಥಳವೂ ಆಗಿದ್ದಿತು.

ಮುದಗಲ್ಲಿಗೆ ಮಾತ್ರ ಒಂದು ಇಡೀ ಹಗಲನ್ನು ಮೀಸಲಿಡಬೇಕು. ಅಗಲವಾದ ಕಂದಕ, ಅದರಾಚೆ ದಪ್ಪ ಬುರುಜುಗಳ ಹೊರಗೋಡೆ, ಬಾಗಿಲಿನಿಂದ ಬಾಗಿಲಿಗೆ ತಿರುವು. ವೈರಿ ನೆಟ್ಟಗೆ ನುಗ್ಗಲಾರ. ಪತೇ ದರವಾಜದ ನೆರಳಿನಲ್ಲಿ ನಿಂತಾಗ, ಈ ಊರಿಗಾಗಿ ಎಷ್ಟು ರಕ್ತ ಹರಿಯಿತೆಂಬುದನ್ನು ಊಹಿಸುವುದೇ ಕಷ್ಟ. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವೇ ಕಾರಣವೆಂದು ಚರಿತ್ರೆಕಾರ ಫಿರಿಷ್ತಾ ಬರೆದಿದ್ದಾನೆ. ಮೊದಲನೆಯ ದೇವರಾಯನು ಅವಳನ್ನು ಕರೆಸಿಕೊಳ್ಳಲು ಕುದುರೆ ದಂಡನ್ನು ಕಳುಹಿಸಿದನಂತೆ. ದಂಡು ಬರುವುದರೊಳಗೆ ಮನೆಯವರು ಊರು ಬಿಟ್ಟಿದ್ದರು. ಬರಿಗೈಯಲ್ಲಿ ಮರಳಿದ ದಂಡು ದಾರಿಯ ಹಳ್ಳಿಗಳನ್ನು ಸುಲಿಯಿತು. ಫಿರೋಜ್ ಶಾಹ ಬಹಮನಿಯು ಸೇಡಿಗೆ ಹೊರಟನು. ಕಡೆಗೆ ಬಂಕಾಪುರವನ್ನೂ ತನ್ನ ಮಗಳನ್ನೂ ದೇವರಾಯ ಕೊಡಬೇಕಾಯಿತು. ಕಥೆ ಸೊಗಸಾಗಿದೆ. ಹತ್ತಿ ಬೆಳೆಯುವ ಎರೆಮಣ್ಣು, ಎರಡು ಬಲವಾದ ಕೋಟೆಗಳು, ಹೊಳೆಯ ಹಾಯ್ಗಡಗಳು ಕೈಗೆಟುಕುವಂತಿರುವಾಗ ಅರಸರಿಗೆ ಅಕ್ಕಸಾಲಿಗನ ಮಗಳು ಬೇಕಾಗಿದ್ದಿತೇ ಎಂಬ ಸಂದೇಹ ಮಾತ್ರ ಉಳಿಯುತ್ತದೆ.

ಅದಕ್ಕಿಂತ ಹಿಂದಿನದು, ಅಷ್ಟಾಗಿ ಪ್ರಚಾರವಿಲ್ಲದ್ದು, ಇನ್ನೊಂದು ಘಟನೆ. 1366ರಲ್ಲಿ ಬುಕ್ಕರಾಯನ ದಂಡು ಮುದಗಲ್ಲನ್ನು ಹಿಡಿದು, ಕಾವಲಿದ್ದ ಎಂಟುನೂರು ಮಂದಿಯನ್ನು ಹೆಂಗಸರು ಮಕ್ಕಳೊಡನೆ ಕೊಂದಿತೆಂದು ಫಿರಿಷ್ತಾ ಹೇಳುತ್ತಾನೆ. ತಪ್ಪಿಸಿಕೊಂಡವನು ಒಬ್ಬನೇ. ಅವನು ಓಡಿಹೋಗಿ ಸುಲ್ತಾನ್ ಮಹಮ್ಮದ್ ಶಾಹನಿಗೆ ಸುದ್ದಿ ಮುಟ್ಟಿಸಿದನು. ಅಷ್ಟು ಸಂಗಾತಿಗಳ ಸಾವನ್ನು ಕಂಡೂ ಬದುಕಿ ಬಂದವನ ಮುಖ ನೋಡಲಾರೆನೆಂದು ಸುಲ್ತಾನನು ಅವನನ್ನೂ ಕೊಲ್ಲಿಸಿದನು. ಬಳಿಕ ಒಂದು ಲಕ್ಷ ತಲೆಗಳ ಸೇಡಿನ ಶಪಥ ಮಾಡಿ ಹೊರಟ ಅವನ ದಂಡಿಗೆ ಸಿಕ್ಕ ಊರುಗಳಲ್ಲಿ ಹಸುಗೂಸನ್ನೂ ಬಿಡಲಿಲ್ಲ. ಕೊನೆಗೆ ವಿಜಯನಗರದ ರಾಯಭಾರಿಗಳ ಬಿನ್ನಹದ ಮೇಲೆ ಒಂದು ಕರಾರಾಯಿತು: ಮುಂದೆ ಗೆಲುವಾದ ಮೇಲೆ ಸೆರೆಸಿಕ್ಕವರನ್ನು ಕೊಲ್ಲಬಾರದು, ಆಯುಧವಿಲ್ಲದ ಪ್ರಜೆಗಳ ಮೇಲೆ ಕೈಮಾಡಬಾರದು, ತಮ್ಮ ಬಳಿಕ ಬರುವವರೂ ಇದನ್ನು ನಡೆಸಬೇಕು. ಯುರೋಪಿನ ರಾಷ್ಟ್ರಗಳು ಜಿನೀವಾದಲ್ಲಿ ಕುಳಿತು ಗಾಯಾಳುಗಳ ರಕ್ಷಣೆಯ ಒಪ್ಪಂದಕ್ಕೆ ರುಜು ಹಾಕಿದ್ದು 1864ರಲ್ಲಿ.

ಆ ಮಾತು ಎಷ್ಟು ಕಾಲ ನಡೆಯಿತು? ಸುಮಾರು ಐವತ್ತೈದು ವರ್ಷಗಳ ಬಳಿಕ ಅಹಮದ್ ಶಾಹ ಬಹಮನಿಯು ತುಂಗಭದ್ರೆಯನ್ನು ದಾಟಿ, ಹಿರಿಯರ ಕರಾರನ್ನು ಮೀರಿ ಹೆಂಗಸರು ಮಕ್ಕಳನ್ನು ಕೊಲ್ಲಿಸಿದನೆಂದು ಅದೇ ಫಿರಿಷ್ತಾ ಬರೆಯುತ್ತಾನೆ. ಐವತ್ತೈದು ವರ್ಷವೆಂದರೆ ಎರಡು ತಲೆಮಾರು. ಆ ಅವಧಿಯಲ್ಲಿ ಕರಾರಿನ ದೆಸೆಯಿಂದ ಬದುಕಿಕೊಂಡವರೂ ಇದ್ದಿರಬೇಕು. ಅವರ ಹೆಸರುಗಳೂ ಎಲ್ಲಿಯೂ ಇಲ್ಲ.

ಮೊಹರಮ್ಮಿನಲ್ಲಿ ಮುದಗಲ್ಲಿಗೆ ಬಂದವರು ಇನ್ನೊಂದು ಊರನ್ನೇ ಕಾಣುತ್ತಾರೆ. ಅಲಾಯಿ ದೇವರುಗಳನ್ನು ನೋಡಲು ಸುತ್ತಣ ಜಿಲ್ಲೆಗಳಿಂದ ಹಿಂದೂ ಮುಸಲ್ಮಾನರೆನ್ನದೆ ಜನ ಕಿಕ್ಕಿರಿಯುತ್ತಾರೆ. ಹರಕೆ ಹೊತ್ತವರು ಸಕ್ಕರೆ ಓದಿಸುತ್ತಾರೆ. ಈ ಸೀಮೆಯಲ್ಲಿ ಕರ್ಬಲಾದ ಕಥೆಯನ್ನು ಹಾಡುವ ರಿವಾಯತ್ ಪದಗಳಿಗೆ ಕನ್ನಡವೇ ನುಡಿ. 680ರಲ್ಲಿ, ಇರಾಕಿನ ಬಯಲಿನಲ್ಲಿ, ನೀರಿಲ್ಲದೆ ಬಳಲಿ ಹೋರಾಡಿ ಮಡಿದವರಿಗಾಗಿ ಮುದಗಲ್ಲು ವರ್ಷ ವರ್ಷವೂ ಅಳುತ್ತದೆ. ತನ್ನ ಗೋಡೆಯ ಬುಡದಲ್ಲಿ ಬಿದ್ದವರಿಗೆ ಬೇರೆ ಹಾಡಿಲ್ಲದಿದ್ದರೆ, ಆ ಅಳಲಿನಲ್ಲಿ ಅವರ ಪಾಲೂ ಸೇರಿದ್ದೀತು.

ಮುದಗಲ್ಲಿನಿಂದ ಉತ್ತರಕ್ಕೆ ಹೋದರೆ ಕೃಷ್ಣೆ. 1565ರ ಜನವರಿಯಲ್ಲಿ ಸುಲ್ತಾನರ ಕೂಡುದಂಡು ಬೇರೆ ಕಡೆ ದಾಟುವಂತೆ ನಟಿಸಿ ದಂಡೆಗುಂಟ ನಡೆಯಿತು. ಇತ್ತಣ ವಿಜಯನಗರದ ದಂಡೂ ಕಾವಲಿನ ಹಾಯ್ಗಡವನ್ನು ಬಿಟ್ಟು ಅದರ ಜೊತೆಗೇ ಸರಿಯಿತು. ಅವರು ಥಟ್ಟನೆ ಹಿಂದಿರುಗಿ ಬರಿದಾದ ಹಾಯ್ಗಡದಲ್ಲಿಯೇ ಹೊಳೆ ದಾಟಿದರು. ಆಮೇಲಿನ ಕಾಳಗದಲ್ಲಿ ವಯೋವೃದ್ಧನಾದ ರಾಮರಾಯನು ಸೆರೆಸಿಕ್ಕು ತಲೆ ಕಳೆದುಕೊಂಡದ್ದು, ಹಂಪೆ ಹಾಳಾದದ್ದು ಎಲ್ಲರೂ ಬಲ್ಲ ವಿಷಯ. ಕಾಳಗ ನಡೆದ ಸ್ಥಳದ ವಿಚಾರದಲ್ಲಿ ಮಾತ್ರ ಒಮ್ಮತವಿಲ್ಲ. ಪಠ್ಯಪುಸ್ತಕಗಳು ಬಹುಕಾಲ ತಾಳೀಕೋಟೆ ಎಂದವು. ಅದು ಹೊಳೆಯ ಆಚೆ, ಸುಲ್ತಾನರ ದಂಡು ಕೂಡಿದ ಊರು. ರಕ್ಕಸಗಿ ತಂಗಡಗಿ ಎಂದು ಹಲವರು ಹೇಳುತ್ತಾರೆ. ಸ್ಯೂವೆಲ್ ಸಾಹೇಬರು ಇಂಗಳಗಿಯ ಹಾಯ್ಗಡದಿಂದ ಮುದಗಲ್ಲಿಗೆ ಬರುವ ದಾರಿಯಲ್ಲಿನ ಭೋಗಾಪುರದ ಬಯಲನ್ನು ತೋರಿಸಿದರು. ಮಾರ್ಗದರ್ಶಿಯೊಬ್ಬನಿದ್ದರೆ ಬಸ್ಸನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಅವನಿಗೆ ಕಷ್ಟವಾದೀತು.

ನಾರಾಯಣಪುರದ ಅಣೆಕಟ್ಟಾದ ಮೇಲೆ ಕೃಷ್ಣೆಯ ಹಿನ್ನೀರು ಇಲ್ಲೆಲ್ಲ ಹರಡಿಕೊಂಡಿದೆ. ಕುದುರೆಗಳು ಇಳಿದ ದಂಡೆ ಇದೇ ಎಂದು ತೋರಿಸಲು ಹೊರಟವನು ನೀರಿನ ಕಡೆಗೆ ಕೈಮಾಡಬೇಕಾಗುತ್ತದೆ.